ಕಾರಿನ ಬೀಗದಕೈ: ಹಲ್ಲಿನಿಂದ ಗುಟ್ಟಿನವರೆಗೆ

ಬೀಗ ತೆರೆಯುವ ಸಾಧನಕ್ಕೆ ಕನ್ನಡದಲ್ಲಿ ಬೀಗದಕೈ ಎಂಬ ಸೊಗಸಾದ ಹೆಸರಿದೆ. ಈ ಕೈ ಕಳೆದುಹೋದರೆ ಬೀಗ ಮುರಿಯಬೇಕು, ಇಲ್ಲವೇ ಹೊಸ ಕೈ ಮಾಡಿಸಬೇಕು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ನಮ್ಮ ರಸ್ತೆಗಳನ್ನಾಳಿದ ಕಾಲದಲ್ಲಿ ಇದು ದೊಡ್ಡ ತಲೆನೋವಾಗಿರಲಿಲ್ಲ. ಪೇಟೆಯ ಮೂಲೆಯಲ್ಲಿ ಅರ ಹಿಡಿದು ಕೂತ ಬೀಗ ರಿಪೇರಿಯವನು ಲೋಹದ ತುಂಡೊಂದನ್ನು ಉಜ್ಜಿ ಉಜ್ಜಿ ಕೀಲಿ ಮಾಡಿಕೊಡುತ್ತಿದ್ದ. ಇಂದು ಅದೇ ಮನುಷ್ಯ ಹಲ್ಲಿಗೆ ಹಲ್ಲು ಹೊಂದುವ ಕೀಲಿ ಮಾಡಿಕೊಟ್ಟರೂ ಬಾಗಿಲು ತೆರೆದೀತೇ ಹೊರತು ಎಂಜಿನ್ ಚಾಲೂ ಆಗಲಾರದು. ಕಂಪನಿಯ ಸರ್ವೀಸ್ ಸ್ಟೇಷನ್ನಿಗೆ ಹೋದರೆ ಸಾವಿರಾರು ರೂಪಾಯಿಯ ಬಿಲ್ಲು, ಜೊತೆಗೆ ಕೆಲವು ದಿನಗಳ ಕಾಯುವಿಕೆ. ಅಂಗೈಯಗಲದ ಕೀಲಿಗೆ ಇಷ್ಟು ಬೆಲೆ ಏಕೆ? ಇದನ್ನು ತಿಳಿಯಲು ಕಳ್ಳರಿಗೂ ಬೀಗ ತಯಾರಕರಿಗೂ ನಡೆದಿರುವ ಇನ್ನೂರು ವರ್ಷಗಳ ಪೈಪೋಟಿಯತ್ತ ನೋಡಬೇಕು.

ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಪೇಟೆಂಟ್ ಪಡೆದ. ಇದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂಬ ಫಲಕದೊಂದಿಗೆ ಆ ಬಗೆಯ ಬೀಗವೊಂದು ಲಂಡನ್ನಿನ ಪಿಕಡಿಲಿಯಲ್ಲಿದ್ದ ಅವನ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ನಿಂತಿತ್ತು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಆ ಸವಾಲನ್ನು ಸ್ವೀಕರಿಸಿದ. 16 ದಿನಗಳಲ್ಲಿ ಒಟ್ಟು 51 ಗಂಟೆ ಕೆಲಸ ಮಾಡಿ ಬೀಗ ತೆರೆದೇಬಿಟ್ಟ. ಇಂಗ್ಲೆಂಡು ಬೆಚ್ಚಿಬಿತ್ತು. ಬೀಗದ ದೌರ್ಬಲ್ಯವನ್ನು ಹೀಗೆ ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗದೇ ಎಂಬ ಪ್ರಶ್ನೆ ಎದ್ದಿತು. ಕಳ್ಳರಿಗೆ ಅದೆಲ್ಲ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಬೀಗ ಕೊಳ್ಳುವ ಪ್ರಾಮಾಣಿಕರಿಗೆ ಎಂಬುದು ಹಾಬ್ಸನ ಪರ ನಿಂತವರ ಉತ್ತರವಾಗಿತ್ತು. ಈ ವಾದ ಮುಂದೆ ಕಾರಿನ ಕೀಲಿಯ ಚರಿತ್ರೆಯಲ್ಲೂ ಮರಳಿ ಬರಲಿದೆ.

ಆರಂಭದ ಮೋಟಾರು ಕಾರುಗಳನ್ನು ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಅದು ಹಿಮ್ಮುಖವಾಗಿ ಒದ್ದು ಕೈ ಮುರಿದುಕೊಂಡವರೂ ಇದ್ದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಈ ಕಷ್ಟವನ್ನು ತಪ್ಪಿಸಿತು. ಆಗಲೂ ಕೀಲಿಯ ಕೆಲಸ ವಿದ್ಯುತ್ತನ್ನು ಹರಿಯಬಿಡುವುದಷ್ಟೇ. ಎಂಜಿನ್ ತಿರುಗಿಸಲು ಬೇರೆ ಗುಂಡಿಯನ್ನೋ ಪೆಡಲನ್ನೋ ಒತ್ತಬೇಕಿತ್ತು. ಕೀಲಿ ತಿರುವಿದೊಡನೆ ಎಂಜಿನ್ ಚಾಲೂ ಆಗುವ ಏರ್ಪಾಡನ್ನು ಕ್ರೈಸ್ಲರ್ ಕಂಪನಿ 1949ರಲ್ಲಿ ತಂದಿತು.

ಆದರೆ ಈ ಕೀಲಿ ನಿಜಕ್ಕೂ ಒಂದು ಸ್ವಿಚ್ಚು ಮಾತ್ರ. ಅದರ ಹಿಂದಿನ ತಂತಿಗಳನ್ನು ಎಳೆದು ಒಂದಕ್ಕೊಂದು ತಾಗಿಸಿದರೆ ಎಂಜಿನ್ ಚಾಲೂ ಆಗುತ್ತಿತ್ತು. ಕಳ್ಳರು ಇದನ್ನು ಬೇಗನೆ ಕಲಿತರು. ಹಾಗಾಗಿ ಕೀಲಿ ತೆಗೆದಾಗ ಸ್ಟೀರಿಂಗ್ ತಿರುಗದಂತೆ, ಇಲ್ಲವೇ ಕಾರು ತನ್ನ ಬಲದಿಂದ ಮುಂದೆ ಹೋಗದಂತೆ ತಡೆಯುವ ಬೀಗವನ್ನು ಅಮೆರಿಕ 1970ರ ಜನವರಿಯಿಂದ ಕಡ್ಡಾಯಗೊಳಿಸಿತು. ಕಳ್ಳರು ಆ ಬೀಗವನ್ನೇ ಒಡೆಯತೊಡಗಿದರು.

1986ರ ಮಾದರಿಯ ಕಾರ್ವೆಟ್ ಕಾರಿನ ಕೀಲಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ ಒಂದು ಪುಟ್ಟ ವಿದ್ಯುತ್ ನಿರೋಧಕವನ್ನು ಕೂರಿಸಿತು. ಅದರ ಮೌಲ್ಯ ಹೊಂದದಿದ್ದರೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಆದರೆ ಇದ್ದುದು 15 ಮೌಲ್ಯಗಳು ಮಾತ್ರ. ಒಂದೊಂದಾಗಿ ಪರೀಕ್ಷಿಸುವ ತಾಳ್ಮೆ ಇದ್ದರೆ ಸಾಕಿತ್ತು. ಆದರೂ ಇಲ್ಲೊಂದು ಮಹತ್ವದ ಬದಲಾವಣೆಯಾಗಿತ್ತು. ಕೀಲಿಯ ಗುರುತು ಅದರ ಆಕಾರದಿಂದ ಒಳಗಿನ ಸಂಖ್ಯೆಗೆ ಜಾರಿತ್ತು.

1990ರ ದಶಕದಲ್ಲಿ ಬಂದ ಇಮ್ಮೊಬಿಲೈಸರ್ ಈ ಬದಲಾವಣೆಯನ್ನು ಪೂರ್ಣಗೊಳಿಸಿತು. ಕೀಲಿಯ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀಲಿ ಹಾಕುವ ತೂತಿನ ಸುತ್ತ ಇರುವ ತಂತಿಯ ಸುರುಳಿ ಉಂಟುಮಾಡುವ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆಯುತ್ತದೆ. ಮುಂದುವರಿದ ವ್ಯವಸ್ಥೆಗಳಲ್ಲಿ ಕಾರು ಪ್ರತಿ ಬಾರಿಯೂ ಹೊಸದೊಂದು ಸಂಖ್ಯೆಯನ್ನು ಚಿಪ್ಪಿಗೆ ಕಳಿಸುತ್ತದೆ. ಚಿಪ್ಪು ತನ್ನಲ್ಲಿರುವ ಗುಟ್ಟಿನ ಸಂಖ್ಯೆ ಬಳಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಕಾರಿನ ಕಂಪ್ಯೂಟರಿಗೂ ಅದೇ ಗುಟ್ಟು ತಿಳಿದಿರುವುದರಿಂದ ಉತ್ತರ ಸರಿಯೇ ಎಂದು ತಾಳೆ ನೋಡುತ್ತದೆ. ತಪ್ಪಾದರೆ ಎಂಜಿನ್ ಓಡಲು ಬಿಡುವುದಿಲ್ಲ. ಗುಟ್ಟು ಮಾತ್ರ ಎಂದೂ ಹೊರಗೆ ಹೋಗುವುದಿಲ್ಲ.

ಇದರಿಂದ ಪ್ರಯೋಜನವಾಯಿತೇ? ಐರೋಪ್ಯ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಹಾಲೆಂಡಿನಲ್ಲಿ 1995ರಿಂದ 2008ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಕಾರು ಕಳವು ಸರಾಸರಿ ಶೇ. 40ರಷ್ಟು ತಗ್ಗಿತೆಂದು ಅಂದಾಜಿಸಿದರು. ಇದಕ್ಕೆ ವಿರುದ್ಧ ನಿದರ್ಶನವೂ ಉಂಟು. ಕೆನಡಾ 2007ರಲ್ಲಿ ಇಮ್ಮೊಬಿಲೈಸರ್ ಕಡ್ಡಾಯಗೊಳಿಸಿತು. ಅಮೆರಿಕ ಹಾಗೆ ಮಾಡಲಿಲ್ಲ. 2015ರ ಮಾದರಿಗಳಲ್ಲಿ ಅಮೆರಿಕದ ಹ್ಯುಂಡೈ ಮತ್ತು ಕಿಯಾ ಕಾರುಗಳ ಪೈಕಿ ಶೇ. 26ರಲ್ಲಿ ಮಾತ್ರ ಇದು ಸಾಮಾನ್ಯ ಸೌಲಭ್ಯವಾಗಿತ್ತು. ಉಳಿದ ಕಂಪನಿಗಳಲ್ಲಿ ಶೇ. 96. ಯುಎಸ್‌ಬಿ ತಂತಿಯ ತುದಿಯಿಂದಲೇ ಇಂಥ ಕಾರುಗಳನ್ನು ಚಾಲೂ ಮಾಡುವ ವಿಡಿಯೊಗಳು 2022ರ ಹೊತ್ತಿಗೆ ಹರಡಿ ಕಳವುಗಳು ವಿಪರೀತವಾದವು. 2023ರಲ್ಲಿ ಎರಡೂ ಕಂಪನಿಗಳು ಸುಮಾರು 20 ಕೋಟಿ ಡಾಲರುಗಳ ರಾಜಿಗೆ ಒಪ್ಪಬೇಕಾಯಿತು.

ಹಾಗೆಂದು ಗುಟ್ಟಿನ ಕೀಲಿಯೂ ಅಭೇದ್ಯವಲ್ಲ. ಕಾರುಗಳಲ್ಲಿ ಬಳಕೆಯಲ್ಲಿದ್ದ 40 ಬಿಟ್‌ಗಳ ಗುಟ್ಟಿನ ಚಿಪ್ ಒಂದನ್ನು 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳೊಡನೆ ಭೇದಿಸಿದರು. ಇನ್ನೊಂದು ಚಿಪ್ಪಿನ ದೋಷಗಳನ್ನು ಬ್ರಿಟನ್ ಮತ್ತು ಹಾಲೆಂಡಿನ ವಿದ್ವಾಂಸರು ಕಂಡುಹಿಡಿದಾಗ, ಫೋಕ್ಸ್‌ವ್ಯಾಗನ್ ಕಂಪನಿ 2013ರಲ್ಲಿ ಲಂಡನ್ನಿನ ನ್ಯಾಯಾಲಯದಿಂದ ಪ್ರಕಟಣೆಗೆ ತಡೆಯಾಜ್ಞೆ ತಂದಿತು. ಒಂದೇ ಒಂದು ವಾಕ್ಯವನ್ನು ಕೈಬಿಟ್ಟು ಆ ಪ್ರಬಂಧ ಪ್ರಕಟವಾದದ್ದು 2015ರಲ್ಲಿ. ಹಾಬ್ಸ್ ಎಬ್ಬಿಸಿದ್ದ ಪ್ರಶ್ನೆಯೇ 160 ವರ್ಷಗಳ ಬಳಿಕ ಅದೇ ಊರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಈ ನಡುವೆ, ಜೇಬಿನಲ್ಲಿದ್ದರೆ ಸಾಕು ಎನ್ನುವ ಕೀಲಿಗಳ ಸಂಕೇತವನ್ನು ದೂರದಿಂದಲೇ ಕಾರಿಗೆ ದಾಟಿಸಿ ಮೋಸಗೊಳಿಸಬಹುದೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2011ರಲ್ಲಿ ತೋರಿಸಿದರು. ಕಳ್ಳರೂ ಅದನ್ನು ಬಳಸತೊಡಗಿದರು.

ಈಗ ಮೊದಲ ಪ್ರಶ್ನೆಗೆ ಬರೋಣ. ಕೀಲಿ ಕಳೆದಾಗ ಮಾಡಿಸಬೇಕಾದ ಕೆಲಸ ಒಂದಲ್ಲ, ಎರಡು. ಮೊದಲನೆಯದು ಹಲ್ಲು ಕತ್ತರಿಸುವುದು. ಎರಡನೆಯದು ಹೊಸ ಚಿಪ್ಪನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವುದು. ಇದಕ್ಕೆ ವಿಶೇಷ ಉಪಕರಣ ಬೇಕು. ಅನೇಕ ಕಾರುಗಳಿಗೆ ಕಂಪನಿಯಿಂದ ರಹಸ್ಯ ಸಂಖ್ಯೆಯನ್ನೂ ತರಿಸಬೇಕು. ಅದನ್ನು ಕೊಡುವ ಮುನ್ನ ಕಂಪನಿಯವರು ಆರ್‌ಸಿ ಪುಸ್ತಕ, ಗುರುತಿನ ಚೀಟಿ, ಕೆಲವೊಮ್ಮೆ ಪೊಲೀಸ್ ದೂರಿನ ಪ್ರತಿಯನ್ನೂ ಕೇಳುತ್ತಾರೆ. ಮಾಲೀಕನಿಗೆ ಇದು ಕಿರಿಕಿರಿ. ಆದರೆ ಅವನಿಗೆ ಸುಲಭವಾಗಿ ಸಿಗುವ ಕೀಲಿ ಕಳ್ಳನಿಗೂ ಸುಲಭವಾಗಿ ಸಿಕ್ಕೀತು.

ಎರಡು ಮಾತು ನೆನಪಿಡಬೇಕು. ಹೊಸ ಕೀಲಿ ಮಾಡಿಸುವಾಗ, ಕಳೆದುಹೋದ ಕೀಲಿಯನ್ನು ಕಾರಿನ ನೆನಪಿನಿಂದ ಅಳಿಸುವಂತೆ ಕೇಳಿ. ಹಾಗೆ ಮಾಡಿದರೆ ಅದು ಬಾಗಿಲು ತೆರೆದರೂ ಎಂಜಿನ್ ಚಾಲೂ ಮಾಡದು. ಇನ್ನು ಕಾರು ಕೊಂಡಾಗ ಕೊಟ್ಟ ಎರಡನೆಯ ಕೀಲಿಯನ್ನು ಜೋಪಾನವಾಗಿಡಿ. ಅದು ಇದ್ದರೆ ಹೊಸದನ್ನು ಮಾಡಿಸುವುದು ಸಾಮಾನ್ಯವಾಗಿ ಸುಲಭ. ಕಾರು ಕಳವಾದರೆ ವಿಮಾ ಕಂಪನಿಯವರು ಕೇಳುವುದೂ ಎರಡು ಕೀಲಿಗಳನ್ನೇ. ಅರ ಹಿಡಿದು ಕೂತವನಿಂದ ಕೀಲಿಯ ಹಲ್ಲನ್ನು ಈಗಲೂ ಮಾಡಿಸಿಕೊಳ್ಳಬಹುದು. ಅದರೊಳಗಿನ ಗುಟ್ಟಿಗಾಗಿ ಮಾತ್ರ ಕಂಪನಿಯ ಬಾಗಿಲಿಗೇ ಹೋಗಬೇಕು, ಇಲ್ಲವೇ ಅದರ ಉಪಕರಣ ಬಲ್ಲವರ ಬಳಿಗೆ.