ಸ್ಟೆಪ್ನಿ ಎಂಬ ಪದವೂ ಒಂದು ರಾತ್ರಿಯ ಪಾಠವೂ

ನಮ್ಮ ಆಡುಮಾತಿನಲ್ಲಿ ಸೇರಿ ಮನೆಯ ಮಾತೇ ಆಗಿಹೋದ ಪರಭಾಷಾ ಪದಗಳಲ್ಲಿ ‘ಸ್ಟೆಪ್ನಿ’ಯೂ ಒಂದು. ಪೀಣ್ಯದ ಬಳಿ ತುಮಕೂರು ರಸ್ತೆಯ ಯಾವ ಪಂಕ್ಚರ್ ಅಂಗಡಿಯಲ್ಲಿ ಈ ಮಾತನ್ನು ಆಡಿದರೂ ಹೆಚ್ಚುವರಿ ಗಾಲಿಯ ಕಡೆಗೆ ಕೈ ತೋರಿಸುತ್ತಾರೆ. ಆದರೆ ಸ್ಟೆಪ್ನಿ ಎಂಬುದು ಮೂಲದಲ್ಲಿ ಗಾಲಿಯ ಹೆಸರಲ್ಲ, ಒಂದು ಬೀದಿಯ ಹೆಸರು.

ಮೊದಲ ಮೋಟಾರು ಗಾಡಿಗಳಲ್ಲಿ ಹೆಚ್ಚುವರಿ ಗಾಲಿಯೇ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ನಡುದಾರಿಯಲ್ಲಿ ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಗಾಳಿ ತುಂಬಿಸಿಕೊಂಡೇ ಮುಂದೆ ಸಾಗಬೇಕು. ವೇಲ್ಸ್ ದೇಶದ ಲನೆತ್ಲಿ ಎಂಬ ಊರಿನ ಡೇವಿಸ್ ಸಹೋದರರು 1904ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರುಳ್ಳ ಒಂದು ಬಳೆಯನ್ನು ಕೆಟ್ಟ ಗಾಲಿಗೇ ಬಿಗಿದು ಪ್ರಯಾಣ ಮುಂದುವರಿಸುವುದೇ ಆ ಉಪಾಯ. ಅವರ ವ್ಯವಹಾರವಿದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬಳೆ ಎಂದೋ ಮರೆಯಾಯಿತು. ಹೆಸರು ನಮ್ಮ ದೇಶದಲ್ಲಿ ಉಳಿದುಕೊಂಡಿತು.

ಗಾಳಿ ತುಂಬಿದ ಟೈರಿನ ಕಥೆ ಇದಕ್ಕಿಂತ ಹಿಂದಿನದು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ ಜಗತ್ತು ಗಮನಿಸಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದರು. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಮರಳುವ, ಸುಮಾರು 1,200 ಕಿಲೋಮೀಟರುಗಳ ಪಂದ್ಯದಲ್ಲಿ ಗಾಳಿಯ ಟೈರಿನ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳೇ. ಗೆಲ್ಲಲಿಲ್ಲವಾದರೂ ಗಾಳಿಯ ಮೇಲೆ ಮೋಟಾರು ಗಾಡಿ ಓಡಬಲ್ಲದೆಂದು ತೋರಿಸಿದರು.

ಚಕ್ರದ ಆವಿಷ್ಕಾರದಿಂದ ನಾಗರಿಕತೆ ಹೇಗೆ ಬೆಳೆಯಿತೆಂದು ವರ್ಷ ವರ್ಷವೂ ತರಗತಿಯಲ್ಲಿ ಪಾಠ ಮಾಡಿದವನು ನಾನು. ಆ ಚಕ್ರದ ಬಗ್ಗೆ ನನಗೆ ಎಷ್ಟು ತಿಳಿದಿತ್ತೆಂಬುದು 1986ರ ಡಿಸೆಂಬರಿನ ಒಂದು ರಾತ್ರಿ ಬಯಲಾಯಿತು.

ಪೀಣ್ಯದ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ನಮ್ಮ ಶಾಲೆಯಲ್ಲಿ ಹೆಚ್ಚು. ಬಾಡಿಗೆ ಬಸ್ಸಿನಲ್ಲಿ ಪ್ರವಾಸ ಹೊರಟೆವು. ಈಗ ಹಾಸಿಗೆ, ಒಲೆಗಳಿರುವ ಕ್ಯಾರವಾನುಗಳು ಬಂದಿವೆ. ಅಂದು ನಮಗೆ ಬಸ್ಸೇ ಮನೆ. ಟಾಪಿನ ಮೇಲೆ ಅಕ್ಕಿಮೂಟೆ, ಕೊಳದಪ್ಪಲೆ, ಸೀಮೆಎಣ್ಣೆ ಸ್ಟೌ. ಹಿಂದಿನ ಸೀಟಿನಲ್ಲಿ ಅಡುಗೆಯವರು. ನೆಲಮಂಗಲದಲ್ಲಿ ಮಂಗಳೂರಿನ ಹೆದ್ದಾರಿ ಹಿಡಿದು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ, ರಾತ್ರಿ ಹಾಸನದಲ್ಲಿ ಊಟಕ್ಕೆ ನಿಂತೆವು. ಬೆಳಗಿನೊಳಗೆ ಧರ್ಮಸ್ಥಳ ಸೇರಬೇಕಿತ್ತು.

ಕ್ಲೀನರ್ ಹುಡುಗ ನನ್ನ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸಿನವನು. ಕಬ್ಬಿಣದ ಲಿವರ್ ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತಾ ಬಂದವನು ಹಿಂದಿನ ಜೋಡಿಗಾಲಿಯ ಬಳಿ ನಿಂತುಬಿಟ್ಟ. “ಒಳಗಡೆ ಟೈರು ಸದ್ದು ಸರಿಯಿಲ್ಲ ಸಾರ್, ಗಾಳಿ ಇಳೀತಾ ಇದೆ” ಎಂದ. ಬಿಚ್ಚಿಸಿದರೆ ಒಂದು ಗಂಟೆಯಾದರೂ ಬೇಕು. ಚಾಲಕರು ನನ್ನ ಮುಖ ನೋಡಿದರು: “ಏನ್ ಮಾಡೋಣ ಮೇಷ್ಟ್ರೇ?” ನಾನು ಗಡಿಯಾರ ನೋಡಿಕೊಂಡೆ. “ಹೊರಗಿನ ಟೈರು ಗಟ್ಟಿಯಾಗಿಯೇ ಇದೆಯಲ್ಲ, ಹೊರಡಿ” ಎಂದೆ. ಹುಡುಗ ಮತ್ತೆ ಮಾತನಾಡಲಿಲ್ಲ.

ಜೋಡಿಗಾಲಿಯ ಮರ್ಮ ಇಲ್ಲಿದೆ. ಒಂದರಲ್ಲಿ ಗಾಳಿ ಇಳಿದರೆ ಅದರ ಭಾರವೂ ಪಕ್ಕದ್ದರ ಮೇಲೆ ಬೀಳುತ್ತದೆ. ಗಾಳಿ ಸಾಲದ ಟೈರು ಉರುಳಿದಂತೆಲ್ಲ ಅತಿಯಾಗಿ ಬಾಗಿ ಬಾಗಿ ಕಾಯುತ್ತದೆ. ಹೊರಗಿನಿಂದ ನೋಡುವ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದುದರಿಂದಲೇ ಬಡಿದು ಕಿವಿಯಿಂದ ಕೇಳುವ ಪದ್ಧತಿ.

ಸಕಲೇಶಪುರ ದಾಟಿ, ಶಿರಾಡಿ ಘಾಟಿಯ ಆರಂಭದ ದೋಣಿಗಲ್ ಸಮೀಪಿಸುವಾಗ ಪಟಾಕಿಯಂತೆ ಸದ್ದಾಯಿತು. ಹೊರಗಿನ ಟೈರು ಸಿಡಿದಿತ್ತು. ಬಸ್ಸು ಒಂದು ಕಡೆಗೆ ಎಳೆಯಿತು. ಚಾಲಕರು ಬ್ರೇಕನ್ನು ಒಮ್ಮೆಗೇ ಒತ್ತದೆ, ಸ್ಟಿಯರಿಂಗ್ ಬಿಗಿಹಿಡಿದು, ನಿಧಾನವಾಗಿ ರಸ್ತೆಯ ಬದಿಗೆ ತಂದರು. ಮಕ್ಕಳೆಲ್ಲ ಕ್ಷೇಮ. ಆದರೆ ಸ್ವಲ್ಪ ಮುಂದೆಯೇ ಘಾಟಿಯ ಇಳಿಜಾರು ಕಾದಿತ್ತು. ಟಾರ್ಚ್ ಬೆಳಕಿನಲ್ಲಿ ಮಕ್ಕಳನ್ನು ಎಣಿಸಿದೆ. ಒಮ್ಮೆ ಎಣಿಸಿ ಸಮಾಧಾನವಾಗದೆ ಮೂರು ಬಾರಿ ಎಣಿಸಿದೆ.

ಸ್ಟೆಪ್ನಿ ಇದ್ದದ್ದು ಒಂದೇ. ಬೇಕಾದದ್ದು ಎರಡು ಗಾಲಿ. ಆ ಹುಡುಗನೇ ಒಳಗಿನ ಗಾಲಿಯನ್ನು ಲಾರಿಯೊಂದಕ್ಕೆ ಹಾಕಿಕೊಂಡು ಸಕಲೇಶಪುರಕ್ಕೆ ಹೋದ. ಕೇರಳದಿಂದ ಬಂದು ನೆಲೆಸಿದ್ದ ಅಂಗಡಿಯವರನ್ನು ಎಬ್ಬಿಸಿ, ಟ್ಯೂಬಿಗೆ ತೇಪೆ ಹಾಕಿಸಿ, ಹಳೆಯ ಟೈರೊಂದನ್ನು ಹೊಂದಿಸಿಕೊಂಡು ಬೆಳಕು ಹರಿಯುವ ಹೊತ್ತಿಗೆ ಹಿಂದಿರುಗಿದ. ಅಡುಗೆಯವರು ರಸ್ತೆಬದಿಯಲ್ಲಿಯೇ ಉಪ್ಪಿಟ್ಟು ಮಾಡಿದ್ದರು. ಮೊದಲ ತಟ್ಟೆಯನ್ನು ಅವನಿಗೆ ಕೊಟ್ಟು, “ನೀನು ಹೇಳಿದ್ದೇ ಸರಿ ಕಣಪ್ಪಾ” ಎಂದೆ. ಅವನು ಎಣ್ಣೆಮಸಿಯ ಕೈಯನ್ನು ಚಡ್ಡಿಗೆ ಒರೆಸಿಕೊಂಡು ನಕ್ಕ. ಶಾಲೆಗೆ ಏಕೆ ಹೋಗುತ್ತಿಲ್ಲವೆಂದು ನಾನು ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ.

ಆನಂತರ ಕಾಲ ಬದಲಾಯಿತು. ರೇಡಿಯಲ್ ಟೈರು, ಟ್ಯೂಬಿಲ್ಲದ ಟೈರುಗಳು ಬಂದವು. ಗಾಳಿಯ ಒತ್ತಡ ಇಳಿದರೆ ಚಾಲಕನಿಗೆ ತಿಳಿಸುವ ಯಂತ್ರ ಬಂದಿತು. ಅಂತಹ ಯಂತ್ರ, ಟ್ಯೂಬಿಲ್ಲದ ಟೈರು ಹಾಗೂ ರಿಪೇರಿ ಸಾಮಗ್ರಿಗಳಿರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಕೇಂದ್ರದ ನಿಯಮವೇ ತಿದ್ದುಪಡಿಯಾಯಿತು. ಮುಂದೊಂದು ದಿನ ವಸ್ತುವಿನ ಜೊತೆಗೆ ಪದವೂ ಮರೆಯಾದೀತು.

ಈಗಲೂ ತುಮಕೂರು ರಸ್ತೆಯಲ್ಲಿ ನಿಂತ ಲಾರಿಯ ಟೈರನ್ನು ಯಾರಾದರೂ ಲಿವರಿನಿಂದ ಬಡಿಯುವ ಸದ್ದು ಕೇಳಿದರೆ ನನ್ನ ಹೆಜ್ಜೆ ತಡೆಯುತ್ತದೆ. ಆ ಪ್ರವಾಸದ ಅನಂತರ ನಾನು ಮಕ್ಕಳನ್ನು ಕರೆದುಕೊಂಡು ಹೊರಟಾಗಲೆಲ್ಲ, ಕ್ಲೀನರ್ ಬಡಿದು ನೋಡಿ “ರೈಟ್” ಎನ್ನುವವರೆಗೆ ಬಸ್ಸು ಹತ್ತಿದ್ದಿಲ್ಲ.