ಭಂಗಾರಕ್ಕೆ ಹೊರಟ ಕಂಪ್ಯೂಟರು

ದೀಪಾವಳಿಗೆ ಮುಂಚೆ ನಮ್ಮ ಸಾಯನ್ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವರು ಲಾಫ್ಟಿನಿಂದ ಇಳಿಸಿದ ಸಾಮಾನುಗಳಲ್ಲಿ ಹಳೆ ಸೀರೆಯಲ್ಲಿ ಸುತ್ತಿಟ್ಟ ನಮ್ಮ ಮೊದಲ ಕಂಪ್ಯೂಟರೂ ಇತ್ತು. 1999ರಲ್ಲಿ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕೊಟ್ಟದ್ದು. ಮಾನಿಟರ್ ಒಂದನ್ನೇ ಇಬ್ಬರು ಹಿಡಿದು ಇಳಿಸಬೇಕಾಯಿತು.

"ಭಂಗಾರ್‌ವಾಲನಿಗೆ ಕೊಟ್ಟುಬಿಡು, ಜಾಗವಾದರೂ ಆದೀತು" ಎಂದರು ನಮ್ಮವರು.

ಮದುವೆಯಾಗಿ ಊರಿನಿಂದ ಬಂದ ಹೊಸದರಲ್ಲಿ ಈ ಶಬ್ದ ಕೇಳಿ ನಾನು ಬೆರಗಾಗಿದ್ದೆ. ಬೆಳ್ಳಂಬೆಳಗ್ಗೆ ಬೀದಿಯಲ್ಲಿ "ಬಂಗಾರ" ಎಂದು ಕೂಗಿಕೊಂಡು ಹೋಗುವವನ ಧೈರ್ಯವೇ! ಇಲ್ಲಿಯ ಭಂಗಾರ್ ಎಂದರೆ ಗುಜರಿ ಎಂದು ತಿಳಿಯಲು ಎರಡು ದಿನ ಬೇಕಾಯಿತು. ನಮ್ಮಲ್ಲಿ ಎಷ್ಟೋ ಮಂದಿಗೆ ಇದೇ ಅನುಭವ ಆಗಿದ್ದೀತು.

ಕೊಟ್ಟುಬಿಡಲು ನನಗೆ ಮನಸ್ಸು ಬರಲಿಲ್ಲ. ಮಗ ಕಾಲೇಜು ಮುಗಿಸಿದ ಮೇಲೆ ಆ ಕಂಪ್ಯೂಟರು ನನ್ನದಾಗಿತ್ತು. ನಮ್ಮ ಮಹಿಳಾ ವಿಭಾಗದ ವರದಿ, ಅರಸಿನ-ಕುಂಕುಮದ ಆಮಂತ್ರಣ, ಸ್ಮರಣ ಸಂಚಿಕೆಯ ಲೇಖನ ಎಲ್ಲವನ್ನೂ ಟೈಪ್ ಮಾಡಿದ್ದು ಅದರಲ್ಲೇ. ಒಂದು ವರ್ಷ, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿಗೆ ಸೊಸೆಯರಾಗಿ ಬಂದ ಒಂಬತ್ತು ಮಂದಿ ಹಿರಿಯರನ್ನು ಕೂರಿಸಿ ಮಾತಾಡಿಸಿದ್ದೆವು. ಸಂಚಿಕೆಯಲ್ಲಿ ಒಬ್ಬೊಬ್ಬರಿಗೆ ಅರ್ಧ ಪುಟ ಸಿಕ್ಕಿತು. ಪೂರ್ತಿ ಮಾತು ಉಳಿದದ್ದು ಆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಆ ಒಂಬತ್ತು ಮಂದಿಯಲ್ಲಿ ಇಂದು ಯಾರೂ ಇಲ್ಲ.

ಏನು ಮಾಡುವುದೆಂದು ತೋಚದೆ, ಈ ಊರಿನಲ್ಲಿ ಹಳೆ ಕಂಪ್ಯೂಟರುಗಳಿಗೆ ಏನಾಗುತ್ತ ಬಂದಿದೆ ಎಂದು ಹುಡುಕತೊಡಗಿದೆ.

ಮುಂಬಯಿಗೂ ಕಂಪ್ಯೂಟರಿಗೂ ಇರುವ ನಂಟು ಹಳೆಯದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ದೊಡ್ಡ ಕಂಪ್ಯೂಟರು 1960ರಲ್ಲಿ ಕೆಲಸ ಶುರು ಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಸುಮಾರು 2,700 ನಿರ್ವಾತ ಕೊಳವೆಗಳು, ನೆನಪಿನಲ್ಲಿ ಹಿಡಿಯುತ್ತಿದ್ದುದು ಬರೇ 2,048 ಪದ. 1964ರಲ್ಲಿ ಅಮೆರಿಕದ ಸಿಡಿಸಿ 3600 ಯಂತ್ರ ಬಂತು, ಟಿಫ್ರಾಕ್ ಮೂಲೆ ಸೇರಿತು. ಹೆಸರಿಟ್ಟು ಎರಡೇ ವರ್ಷಕ್ಕೆ ಹಳತಾಯಿತು! ನಮ್ಮದು ಎಷ್ಟೋ ವಾಸಿ.

ಆಮೇಲೆ ಎರಡು ದಶಕ ಕಂಪ್ಯೂಟರ್ ಎಂದರೆ ಕೆಲಸ ಕಿತ್ತುಕೊಳ್ಳುವ ಭೂತ. ನಮ್ಮವರು ಬ್ಯಾಂಕಿನಲ್ಲಿದ್ದವರು, ಅದರ ವಿರುದ್ಧ ಘೋಷಣೆ ಕೂಗಿ ಬಂದವರು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ನೌಕರರ ಸಂಘಟನೆಗಳಿಗೂ ಆಡಳಿತದವರಿಗೂ ಯಂತ್ರಗಳ ಬಗ್ಗೆ ಒಪ್ಪಂದವಾಯಿತು. 1984ರಲ್ಲಿ ಕೇಂದ್ರ ಸರಕಾರ ಆಮದಿನ ಬಿಗಿ ಸಡಿಲಿಸಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಇಂಟರ್‌ನೆಟ್ಟನ್ನು ಜನಸಾಮಾನ್ಯರಿಗೆ ಬಿಟ್ಟುಕೊಟ್ಟಿತು. ಅಲ್ಲಿಂದ ನಾಲ್ಕೇ ವರ್ಷಕ್ಕೆ ಘೋಷಣೆ ಕೂಗಿದವರೇ ಸಾಲ ತೆಗೆದು ಮಗನಿಗೆ ಕಂಪ್ಯೂಟರ್ ತಂದರು.

ಕಂಪ್ಯೂಟರು ಫ್ಯಾನು-ಮಿಕ್ಸಿಯ ಹಾಗೆ ಸವೆದು ಸಾಯುವುದಿಲ್ಲ. ದೂರದಲ್ಲೆಲ್ಲೋ ಒಂದು ತಾರೀಕು ಗೊತ್ತಾಗುತ್ತದೆ, ಇಲ್ಲಿ ಅದು ಹಳತಾಗುತ್ತದೆ. ವಿಂಡೋಸ್ 98ಕ್ಕೆ 2006ರ ಜುಲೈ, ಎಕ್ಸ್‌ಪಿಗೆ 2014ರ ಏಪ್ರಿಲ್, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್. ಮುಂಬಯಿಗೆ ಇನ್ನೊಂದು ತಾರೀಕೂ ಸೇರಿತು: 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು, ಮೀಠಿ ನದಿ ಉಕ್ಕಿ ಹರಿಯಿತು. ನಾವು ಎರಡನೇ ಮಾಳಿಗೆಯಲ್ಲಿದ್ದು ಬಚಾವಾದೆವು. ಕೆಳಗಿನ ಮನೆಯವರ ಕಂಪ್ಯೂಟರನ್ನು ವಾರದ ಮೇಲೆ ಕೈಗಾಡಿಯವನು ಒದ್ದೆ ಹಾಸಿಗೆಗಳ ಜತೆ ಒಯ್ದ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಧಾರಾವಿಯ ಕಡೆ ಕೈ ತೋರಿಸಿದ.

ಇಪ್ಪತ್ತು ವರ್ಷ ತಡವಾಗಿ ನಾನೂ ಅವನ ದಾರಿ ಹಿಡಿದೆ. ಸಾಯನ್‌ನಲ್ಲಿದ್ದುಕೊಂಡು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿಬಂದವಳು, ಹಳಿಯ ಆಚೆ ಬದಿಯ ಧಾರಾವಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

1909ರ ಮುಂಬಯಿ ಗೆಜೆಟಿಯರಿನಲ್ಲಿ ಧಾರಾವಿ ಊರಿನ ಆರು ದೊಡ್ಡ ಕೋಳಿವಾಡಗಳಲ್ಲಿ ಒಂದು, ಬೆಸ್ತರ ನೆಲೆ. ಸೌರಾಷ್ಟ್ರದ ಕುಂಬಾರರು, ತಿರುನೆಲ್ವೇಲಿ ಕಡೆಯ ತೊಗಲಿನವರು ಬಂದು ಸೇರಿದರು. ಪೇಟೆಯಿಂದ ಹೊರಗೆ ಹಾಕಿದ ಕೆಲಸಗಳಿಗೆಲ್ಲ ಅದು ಜಾಗವಾಯಿತು. 1971ರಲ್ಲಿ ಕಸಾಯಿಖಾನೆ ಬಾಂದ್ರಾದಿಂದ ದೇವನಾರಿಗೆ ಹೋಯಿತು. ತೊಗಲು ಹದ ಮಾಡುವುದು ಕ್ರಮೇಣ ಕಮ್ಮಿಯಾಗಿ ಚೀಲ-ಬೆಲ್ಟಿನ ಕೆಲಸ ಉಳಿಯಿತು. ಮಾಹೀಮ್ ಕಡೆಗಿರುವ ತೇರಾ ಕಂಪೌಂಡಿನ ತಗಡಿನ ಶೆಡ್ಡುಗಳು ಗುಜರಿಗೆ ಹೆಸರಾದವು. ಎಣ್ಣೆ ಡಬ್ಬ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್, ಆಮೇಲೆ ಕಂಪ್ಯೂಟರು.

ಅಲ್ಲಿ ಕಂಪ್ಯೂಟರ್ ಎಂಬ ವಸ್ತುವೇ ಇಲ್ಲ. ಬಂದ ಗಳಿಗೆಗೆ ಅದು ತಗಡು, ತಾಮ್ರ, ಪ್ಲಾಸ್ಟಿಕ್, ಬೋರ್ಡು ಎಂದು ನಾಲ್ಕು ರಾಶಿ. ಪ್ಲಾಸ್ಟಿಕ್ಕನ್ನು ಬಣ್ಣ ನೋಡಿ, ಜಾತಿ ನೋಡಿ ಬೇರೆ ಮಾಡುತ್ತಾರೆ. ಜಾತಿ ತಿಳಿಯದಿದ್ದರೆ ಬಡಿದು ಸದ್ದು ಕೇಳುತ್ತಾರೆ, ತುದಿ ಸುಟ್ಟು ಮೂಸುತ್ತಾರೆ. ಆಮೇಲೆ ಯಂತ್ರದಲ್ಲಿ ಪುಡಿ ಮಾಡಿ, ತೊಳೆದು, ಮಾಡಿನ ಮೇಲೆ ಹಪ್ಪಳದ ಹಾಗೆ ಒಣಗಿಸಿ, ಕರಗಿಸಿ ಶಾವಿಗೆಯಂತೆ ಎಳೆದು ಸಣ್ಣ ಕಾಳಾಗಿ ಕತ್ತರಿಸುತ್ತಾರೆ. ಆ ಕಾಳು ಕಾರ್ಖಾನೆಗೆ ಹೋಗಿ ಮತ್ತೊಂದು ಸಾಮಾನಾಗುತ್ತದೆ.

ಒಂದು ಶೆಡ್ಡಿನ ಬಾಗಿಲಲ್ಲಿ ಕೂತು ಪ್ಲಾಸ್ಟಿಕ್ ಆರಿಸುತ್ತಿದ್ದ ಹೆಂಗಸರ ಮಾತು ಕಿವಿಗೆ ಬಿತ್ತು. ಕನ್ನಡ!

"ಯಾವ ಊರಿನವರಮ್ಮಾ?" ಎಂದೆ.

"ಕಲಬುರ್ಗಿ ಕಡಿಯವರ್ರೀ ಅಕ್ಕಾರ. ನೀವು ಮಂಗಳೂರವ್ರೇನ್ರಿ? ನಿಮ್ಮ ಮಾತಿನ್ಯಾಗ ತಿಳೀತದ" ಎಂದಳು ಅವರಲ್ಲಿ ದೊಡ್ಡವಳು. ಮಾತಾಡುವಾಗಲೂ ಕೈ ನಿಲ್ಲಲಿಲ್ಲ. ಅವಳ ಕಾಲ ಬುಡದಲ್ಲಿ ಕೀಬೋರ್ಡಿನಿಂದ ಕಿತ್ತ ಗುಂಡಿಗಳ ಒಂದು ಗುಡ್ಡೆ ಇತ್ತು. ಟಿ.ವಿ.ಯಂಥ ಹಳೆ ಮಾನಿಟರು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅದನ್ನ ಒಡಿಯೋದು ಗಂಡಸ್ರು. ಒಡದಾಗ ಧೂಳ ಭಾಳ ಏಳ್ತದ್ರಿ, ಕೆಮ್ಮು ಹತ್ತತದ" ಎಂದಳು.

ಮನೆಗೆ ಬಂದ ಮೇಲೆ ಆ ಧೂಳಿನ ಬಗ್ಗೆ ಓದಿದೆ. ಹಳೆ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಕಿರಣ ಹೊರಗೆ ಬಾರದಿರಲೆಂದು ಬೆರೆಸಿದ್ದು. ಒಳಗಿನ ಲೇಪವೂ ವಿಷವೇ. ಒಂದು ಕಾಲದಲ್ಲಿ ಗುಜರಿಯವರು ಈ ಕೊಳವೆಗಳನ್ನು ಒಡೆಯದೆ ಅಗ್ಗದ ಟಿ.ವಿ. ಮಾಡಿ ಮಾರುತ್ತಿದ್ದರು. ಚಪ್ಪಟೆ ಪರದೆ ಬಂದ ಮೇಲೆ ಅದನ್ನು ಕೇಳುವವರಿಲ್ಲ, ಒಡೆಯುವುದೊಂದೇ ಉಳಿಯಿತು. ಬೋರ್ಡುಗಳು ಮಾತ್ರ ಧಾರಾವಿಯಲ್ಲಿ ನಿಲ್ಲದೆ ದಿಲ್ಲಿ, ಮುರಾದಾಬಾದ್ ಕಡೆಗೂ ಹೋಗುತ್ತವೆ. ಅಲ್ಲಿ ಅವನ್ನು ಸುಟ್ಟು, ಆ್ಯಸಿಡ್ಡಿನಲ್ಲಿ ಅದ್ದಿ ಲೋಹ ತೆಗೆಯುತ್ತಾರೆ. ಏಕೆಂದರೆ ಅದರ ಹಲ್ಲುಗಳಿಗೆ ನಿಜವಾದ ಬಂಗಾರದ ಲೇಪವಿದೆ. ಒಂದು ಟನ್ ಬೋರ್ಡಿನಲ್ಲಿರುವ ಬಂಗಾರ ಒಂದು ಟನ್ ಅದಿರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಭಂಗಾರ್‌ವಾಲನ ಕೈಗಾಡಿಗೆ ಬಂಗಾರ ಬರತೊಡಗಿದ್ದು ಸರಿಸುಮಾರು ಆಗಲೇ.

ಇದಕ್ಕೆ ಕಾನೂನು ಇದೆ. 2011ರಲ್ಲಿ ಮಾಡಿದ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು, 2016ರಲ್ಲಿ ಮತ್ತು 2022ರಲ್ಲಿ ಹೊಸದಾದವು. ತಯಾರಿಸಿದವರೇ ಹಳತನ್ನು ಹಿಂದಕ್ಕೆ ಪಡೆಯಲು ಏರ್ಪಾಡು ಮಾಡಬೇಕು ಎನ್ನುವುದು ತಿರುಳು. ಆದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿದ್ದಕ್ಕೆ ತಯಾರಿಸಿದವರು ಯಾರು? ನಮಗೆ ಬಿಲ್ ಕೊಟ್ಟ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಮಗ ಬೆಂಗಳೂರಿನಿಂದಲೇ ಫೋನಿನಲ್ಲಿ ಹುಡುಕಿ, ಪರವಾನಗಿ ಇರುವ ಒಂದು ಸಂಗ್ರಹ ಕೇಂದ್ರ ಗೊತ್ತುಮಾಡಿದ. ಮಾನಿಟರಿಗೆ ಅವರು ಒಂದು ರೂಪಾಯಿಯನ್ನೂ ಕೊಡಲಿಲ್ಲ, ಒಯ್ಯಲು ಟೆಂಪೋ ಬಾಡಿಗೆ ನಮ್ಮದೇ. "ಭಂಗಾರ್‌ವಾಲ ಇನ್ನೂರಾದರೂ ಕೊಡುತ್ತಿದ್ದ" ಎಂದು ನಮ್ಮವರು ಗೊಣಗಿದರು. ಕೊಡುತ್ತಿದ್ದ, ನಿಜ. ಆ ಧೂಳನ್ನು ಯಾರು ಕುಡಿಯುತ್ತಾರೆಂದು ನೋಡಿಬಂದ ಮೇಲೆ ನನಗೆ ಆ ಇನ್ನೂರು ಬೇಡವಾಗಿತ್ತು. ಬೋರ್ಡೂ ಕೇಂದ್ರಕ್ಕೇ ಹೋಯಿತು. ಕ್ಯಾಬಿನೆಟ್ಟಿನ ತಗಡು ಮತ್ತು ಕೀಬೋರ್ಡನ್ನು ನಾನೇ ಹಟ ಹಿಡಿದು ಭಂಗಾರ್‌ವಾಲನಿಗೆ ಕೊಟ್ಟೆ. ಎಲ್ಲವೂ ಕೇಂದ್ರಕ್ಕೆ ಹೋದರೆ ಆ ಶೆಡ್ಡಿನ ಬಾಗಿಲಲ್ಲಿ ಕೂತವರಿಗೆ ಕೆಲಸ ಎಲ್ಲಿಂದ? ಇದು ಸರಿಯೋ ತಪ್ಪೋ, ಮಗನೊಡನೆ ವಾದ ಇನ್ನೂ ಮುಗಿದಿಲ್ಲ. ಧಾರಾವಿಯನ್ನೇ ಕೆಡವಿ ಕಟ್ಟುವ ಯೋಜನೆಗೆ 2024ರ ಮಾರ್ಚಿನಲ್ಲಿ ಮನೆಮನೆ ಸರ್ವೆ ಶುರುವಾಗಿದೆ. ತೇರಾ ಕಂಪೌಂಡಿನ ಕೆಲಸ ಆಮೇಲೆ ಎಲ್ಲಿಗೆ ಎಂದು ಕೇಳಿದರೆ ಆ ಹೆಂಗಸರು ಸುಮ್ಮನೆ ನಕ್ಕರು.

ಉಳಿದದ್ದು ಹಾರ್ಡ್ ಡಿಸ್ಕು. ಸೊಸೆ ಅದನ್ನು ಬಿಚ್ಚಿ ಒಂದು ವಯರಿನಿಂದ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಕಿರ್ರೆಂದು ತಿರುಗಿತು, ಫೈಲುಗಳು ಕಂಡವು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಕೊಂಬು-ಕೋಡು ಬಂದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಗ ನಾವು ಬಳಸುತ್ತಿದ್ದುದು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'. ಕನ್ನಡ ಎನ್ನಲು ಡಿ ಅಕ್ಷರವನ್ನು ಕ್ಯಾಪಿಟಲ್ಲಿನಲ್ಲಿ ಒತ್ತಬೇಕಿತ್ತು, ನೆನಪಿದೆಯೇ? ಆ ಕಾಲದ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕೂರಿಸಿದ್ದರು. ಫಾಂಟ್ ಇಲ್ಲದಿದ್ದರೆ ಮುಖವಾಡ ಕಳಚಿ ಬರೇ ಇಂಗ್ಲಿಷ್ ಉಳಿಯುತ್ತದೆ. ಕನ್ನಡಕ್ಕೆ ತನ್ನದೇ ಮನೆ ಕೊಟ್ಟದ್ದು ಯೂನಿಕೋಡ್.

ಇಲ್ಲಿ ಒಂದು ಮಾತು ಸೇರಿಸಬೇಕು. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಕೆಲಸ ಮಾಡಿದ್ದು ನಮ್ಮ ಮುಂಬಯಿಯ ಅದೇ ಟಾಟಾ ಸಂಸ್ಥೆಯಲ್ಲಿ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. ಇಂದು 'ನುಡಿ'ಯಲ್ಲಿ ಟೈಪ್ ಮಾಡುವವರ ಬೆರಳು ಓಡುವುದು ಅವರು ಹಾಕಿಕೊಟ್ಟ ಕೀಲಿಮಣೆ ವಿನ್ಯಾಸದ ಮೇಲೆ.

ಹಳೆ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶದಿಂದ ಒಂಬತ್ತರಲ್ಲಿ ಏಳು ಫೈಲು ಓದುವ ಹಾಗಾದವು. ಅರ್ಕಾವೊತ್ತುಗಳೆಲ್ಲ ದಾರಿ ತಪ್ಪಿವೆ, ಅತ್ತೆ-ಸೊಸೆ ಕೂತು ತಿದ್ದುತ್ತಿದ್ದೇವೆ. ಮೊನ್ನೆ ತಿದ್ದಿದ್ದು ಮಂಗಳೂರಿನಿಂದ ಹಡಗಿನಲ್ಲಿ ಬಂದ ಒಬ್ಬ ಹಿರಿಯರ ಮಾತು. ತಮ್ಮ ಧಾರೆ ಸೀರೆ ಜೀರ್ಣವಾದಾಗ ಜರಿ ಕೊಳ್ಳುವವನಿಗೆ ಕೊಟ್ಟರಂತೆ. ಅವನು ಸೀರೆಯನ್ನು ಸುಟ್ಟು ಬೂದಿಯಿಂದ ಬೆಳ್ಳಿ ತೆಗೆಯುತ್ತಾನೆಂದು ಆಮೇಲೆ ತಿಳಿದು ಮೂರು ದಿನ ಊಟ ಸೇರಲಿಲ್ಲವಂತೆ. ಈ ಮಾತು ನಮ್ಮ ಮುದ್ರಿತ ಸಂಚಿಕೆಯಲ್ಲಿ ಇಲ್ಲ, ಜಾಗ ಸಾಲದೆಂದು ನಾನೇ ತೆಗೆದುಹಾಕಿದ್ದೆ.

ಎರಡು ಫೈಲು ಇನ್ನೂ ತೆರೆದಿಲ್ಲ. ಆಗ ನನ್ನೊಡನೆ ಕೂತು ಟೈಪ್ ಮಾಡಿದವರಲ್ಲಿ ಯಾರ ಮನೆಯಲ್ಲಾದರೂ ಹಳೆ ಫ್ಲಾಪಿಗಳು ಉಳಿದಿದ್ದರೆ, ಬಣ್ಣದವರು ಬರುವ ಮುಂಚೆ ನನಗೊಂದು ಫೋನ್ ಮಾಡಿ.