ಪ್ರಾಂಪ್ಟ್: ಆಹಾರ ಪ್ಯಾಕೇಜಿಂಗ್‌ನಲ್ಲಿ

ಆಹಾರದ ಪೊಟ್ಟಣ, ಲೇಬಲ್ ತಯಾರಿಸುವವರು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗೆ ಕೊಡುವ ಲಿಖಿತ ಸೂಚನೆ.

ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿ, ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶ, ವಾಶಿಯ ಎಪಿಎಂಸಿ ಕೃಷಿ ಮಾರುಕಟ್ಟೆ ಇರುವ ಮುಂಬೈ ಸುತ್ತಲಿನ ಸೀಮೆಯಲ್ಲಿ ಕುರುಕು ತಿಂಡಿಗೆ ಮಳೆಗಾಲದ ತೇವವೇ ಮೊದಲ ಶತ್ರು. "ಚಿಪ್ಸ್‌ಗೆ ಒಳ್ಳೆಯ ಪ್ಯಾಕೆಟ್ ಹೇಳು" ಎಂದಷ್ಟೇ ಪ್ರಾಂಪ್ಟ್ ಕೊಟ್ಟರೆ ಸಿಗುವುದು ಎಲ್ಲ ಊರಿಗೂ ಹೊಂದುವ, ಹಾಗಾಗಿ ಯಾರಿಗೂ ಒದಗದ ಉತ್ತರ. "ಕರಿದ ಬಾಳೆಕಾಯಿ ಚಿಪ್ಸ್, 100 ಗ್ರಾಂ, ಜುಲೈಯಲ್ಲಿ ಡೊಂಬಿವಲಿಯಲ್ಲಿ ಮಾರಾಟ, 3 ತಿಂಗಳ ಬಾಳಿಕೆ, ಮೆಟಲೈಸ್ಡ್ ಪಾಲಿಯೆಸ್ಟರ್, ಸಾದಾ ಪಾಲಿಪ್ರೊಪಿಲೀನ್ ಎರಡನ್ನೂ ತೇವ, ಆಮ್ಲಜನಕ, ಬೆಳಕಿನ ತಡೆಯಲ್ಲಿ ಹೋಲಿಸು, ಖಚಿತವಲ್ಲದ ಅಂಕಿಯನ್ನು ಗುರುತಿಸು" ಎಂದರೆ ಕೆಲಸಕ್ಕೆ ಬರುತ್ತದೆ.

ಲೇಬಲ್ ಬರೆಸುವಾಗ ಜಾರಿಯಲ್ಲಿರುವ ನಿಯಮದ ಪಠ್ಯವನ್ನೇ ಪ್ರಾಂಪ್ಟಿಗೆ ಸೇರಿಸುವುದು ಕ್ಷೇಮ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಾವಳಿ ಮಾಂಸಾಹಾರದ ಗುರುತನ್ನು ಕಂದು ವೃತ್ತದಿಂದ ಕಂದು ತ್ರಿಕೋನಕ್ಕೆ ಬದಲಿಸಿತು. ಹಳೆಯ ಪುಟಗಳನ್ನು ಓದಿ ಬೆಳೆದ ಚಾಟ್‌ಬಾಟ್ ಇನ್ನೂ ವೃತ್ತವನ್ನೇ ಹೇಳಬಹುದು.

ಪ್ಲಾಸ್ಟಿಕ್ ಪೊಟ್ಟಣದಿಂದ ಆಹಾರಕ್ಕೆ ಸೇರಬಹುದಾದ ಒಟ್ಟು ಅಂಶಕ್ಕೆ 2018ರ ಪ್ಯಾಕೇಜಿಂಗ್ ನಿಯಮಾವಳಿ ಕಿಲೋಗೆ 60 ಮಿಲಿಗ್ರಾಂ ಮಿತಿ ಹಾಕಿದೆ. ಪ್ರಾಂಪ್ಟ್ ಎಷ್ಟೇ ಜಾಣತನದ್ದಾದರೂ ಈ ಮಿತಿ ಪಾಲನೆಯಾಗಿದೆಯೇ ಎಂದು ತಿಳಿಯಲು ಭಾರತೀಯ ಮಾನಕ ಐಎಸ್ 9845 ಪ್ರಕಾರದ ಪ್ರಯೋಗಾಲಯ ಪರೀಕ್ಷೆ ತಪ್ಪದು. ಪೊಟ್ಟಣಗಳನ್ನು ಪರೀಕ್ಷಿಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ 1966ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಧಾನ ಕಚೇರಿ ಮುಂಬೈಯ ಅಂಧೇರಿಯಲ್ಲಿದೆ.